ಬಿಗ್‌ಫುಟ್ ನಕಲು ಮಾಡಬೇಕು, ಆದರೆ ಯಾವ ವಯಸ್ಸಿನದು?

ಮೇಜಿನ ಮೇಲೆ ಎರಡು ಬಾಟಲಿ ಇವೆ. ಎರಡೂ ಸಿಯೆರಾ ನೆವಾಡಾ ಕಂಪನಿಯ ಬಿಗ್‌ಫುಟ್, ಬಾರ್ಲಿವೈನ್ ಅನ್ನುವ ಜಾತಿಯ ಗಟ್ಟಿ ಬಿಯರ್. ಒಂದು ಈ ಚಳಿಗಾಲದ್ದು, ಇನ್ನೊಂದು ನನ್ನ ಗ್ಯಾರೇಜಿನ ಮೂಲೆಯಲ್ಲಿ ಆರು ವರ್ಷ ಮಲಗಿದ್ದದ್ದು. ಹೊಸದನ್ನು ಬಾಯಿಗಿಟ್ಟರೆ ಮೊದಲು ಸಿಗುವುದು ಕಹಿ, ಅದರ ಹಿಂದೆಯೇ ಚಕ್ಕೋತದ ಸಿಪ್ಪೆ ಹಿಂಡಿದಂಥ ವಾಸನೆ. ಹಳೆಯದರಲ್ಲಿ ಆ ವಾಸನೆ ಹೆಚ್ಚುಕಡಿಮೆ ಸತ್ತೇ ಹೋಗಿದೆ. ಒಣದ್ರಾಕ್ಷಿ, ಖರ್ಜೂರ, ಕಪ್ಪು ಬೆಲ್ಲ ನೆನಪಾಗುತ್ತದೆ. ಒಂದೇ ಕಾರ್ಖಾನೆ, ಒಂದೇ ಹೆಸರು, ಆದರೆ ಬೇರೆಯೇ ಪಾನೀಯ.

ಇಷ್ಟದ ಬಿಯರನ್ನು ಮನೆಯಲ್ಲಿ ನಕಲು ಮಾಡುವುದು ಇಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಹವ್ಯಾಸ. ಸಾಮಾನ್ಯ ಬಿಯರ್ ಆದರೆ ಗುರಿ ಅಲ್ಲಾಡುವುದಿಲ್ಲ, ತಾಜಾ ಬಾಟಲಿಯೇ ಗುರಿ. ಬಾರ್ಲಿವೈನ್ ಹಾಗಲ್ಲ. ಅದು ಬಾಟಲಿಯೊಳಗೇ ವರ್ಷಗಟ್ಟಲೆ ಬದಲಾಗುತ್ತಾ ಹೋಗುತ್ತದೆ. ಹಾಗಾಗಿ ಪಾತ್ರೆ ಒಲೆಗಿಡುವ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ: ನನಗೆ ಬೇಕಾಗಿರೋದು ಎಳೆಯದೋ, ಹಳೆಯದೋ? ಹೆಚ್ಚಿನವರು ಇದನ್ನು ಕೇಳಿಕೊಳ್ಳುವುದೇ ಇಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಹೆಸರಲ್ಲಿ ವೈನ್ ಇದ್ದರೂ ಇದರಲ್ಲಿ ದ್ರಾಕ್ಷಿ ಇಲ್ಲ. ಪೂರ್ತಿ ಬಾರ್ಲಿಯದೇ ಬಿಯರ್, ಆದರೆ ವೈನಿನ ಹತ್ತಿರ ಹತ್ತಿರ ಹೋಗುವಷ್ಟು ಗಟ್ಟಿ. ಇದರ ತವರು ಇಂಗ್ಲೆಂಡ್. ಬರ್ಟನ್ ಊರಿನ ಬಾಸ್ ಕಂಪನಿಯ ನಂಬರ್ 1 ಏಲ್ (ಏಲ್ ಅಂದರೆ ಒಂದು ಬಗೆಯ ಬಿಯರ್) ಬಾರ್ಲಿವೈನ್ ಅನ್ನುವ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅಮೆರಿಕಕ್ಕೆ ಇದನ್ನು ಮತ್ತೆ ತಂದದ್ದು 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಕಂಪನಿ, ಓಲ್ಡ್ ಫಾಗ್‌ಹಾರ್ನ್ ಎಂಬ ಹೆಸರಲ್ಲಿ. ಬಿಗ್‌ಫುಟ್ ಬಂದದ್ದು 1983ರಲ್ಲಿ, ಕ್ಯಾಲಿಫೋರ್ನಿಯಾದ ಚಿಕೋ ಊರಿನಿಂದ. ಇಂಗ್ಲಿಷರ ಬಾರ್ಲಿವೈನ್ ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಸಿಹಿಗೆ ವಾಲಿದರೆ, ಇದು ಹಾಪ್ಸ್ ಎಂಬ ಬಳ್ಳಿ ಹೂವಿನ ಕಹಿಗೆ ವಾಲಿತು. ಅಮೆರಿಕನ್ ಶೈಲಿ ಅಂತ ಇವತ್ತು ಕರೆಯುವುದಕ್ಕೆ ಇದೇ ಮಾದರಿ. ಲೇಬಲ್ ನೋಡಿದರೆ ‘ಬಾರ್ಲಿವೈನ್ ಸ್ಟೈಲ್ ಏಲ್’ ಅಂತಿರುತ್ತದೆ. ಯಾರೂ ಇದನ್ನು ನಿಜವಾದ ವೈನ್ ಅಂದುಕೊಳ್ಳಬಾರದಲ್ಲ!

ನಕಲು ಮಾಡಲು ಇದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಕಂಪನಿ ಕಟ್ಟಿದ ಕೆನ್ ಗ್ರಾಸ್‌ಮನ್ ತಾನೇ ಮನೆಯಲ್ಲಿ ಬಿಯರ್ ಮಾಡುತ್ತಿದ್ದವರು. 1976ರಲ್ಲಿ ಚಿಕೋದಲ್ಲಿ ಹೋಂಬ್ರೂ ಸಾಮಾನಿನ ಅಂಗಡಿ ಇಟ್ಟಿದ್ದರು. ತಮಾಷೆ ಅಂದರೆ, ಮನೆಯಲ್ಲಿ ಬಿಯರ್ ಮಾಡುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಆಗಿನ್ನೂ ಸರಿಯಾಗಿ ಒಪ್ಪಿತವೇ ಆಗಿರಲಿಲ್ಲ. ಅಧ್ಯಕ್ಷ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಿಂದ ಜಾರಿಗೆ ಬಂತು. ಹಳೆ ಹಾಲಿನ ಡೇರಿಗಳ ಟ್ಯಾಂಕು ತಂದು ಗ್ರಾಸ್‌ಮನ್ ಮತ್ತು ಜೊತೆಗಾರ ಪಾಲ್ ಕಮುಸಿ ತಮ್ಮ ಬ್ರೂವರಿ ಶುರು ಮಾಡಿದರು. ಆ ಹಿನ್ನೆಲೆಗೋ ಏನೋ, ಯಾವ ಮಾಲ್ಟ್, ಯಾವ ಹಾಪ್ಸ್, ಎಷ್ಟು ಕಹಿ ಅನ್ನುವುದನ್ನು ಕಂಪನಿ ಮುಚ್ಚಿಟ್ಟಿಲ್ಲ.

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ನಾನು ಹೇಳುತ್ತಿರುವುದು ಅಮೆರಿಕದ ಮಾತು. ಇಲ್ಲೂ ಒಂದು ಮನೆಗೆ ವರ್ಷಕ್ಕೆ ಇಷ್ಟು ಎಂಬ ಮಿತಿ ಇದೆ, ಮಾರುವಂತಿಲ್ಲ.

ಬಾಟಲಿಯಿಂದ ಹಿಂದಕ್ಕೆ ಲೆಕ್ಕ

ನಕಲು ಮಾಡುವವನ ಮೊದಲ ಉಪಕರಣ ಹೈಡ್ರೋಮೀಟರ್. ಹಾಲಿಗೆ ನೀರು ಬೆರೆಸಿದ್ದಾರಾ ಅಂತ ನೋಡಲು ಊರಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಮುಳುಗಿಸುತ್ತಾರಲ್ಲ, ಅದರದ್ದೇ ಅಣ್ಣತಮ್ಮ. ನೀರಿನಲ್ಲಿ ಇದು 1.000 ತೋರಿಸುತ್ತದೆ. ಸಕ್ಕರೆ ಕರಗಿದ್ದರೆ ಮೇಲೆ ತೇಲಿ 1.050, 1.090 ಹೀಗೆ ತೋರಿಸುತ್ತದೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದ ಹಾಗೆ ಅಂಕಿ ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದನ್ನು 131ರಿಂದ ಗುಣಿಸಿದರೆ ಆಲ್ಕೋಹಾಲ್ ಪ್ರಮಾಣ ಸುಮಾರಾಗಿ ಸಿಗುತ್ತದೆ.

ಈಗ ಇದನ್ನೇ ಉಲ್ಟಾ ಮಾಡಿ. ಬಿಗ್‌ಫುಟ್ ಬಾಟಲಿ ತೆರೆದು, ಲೋಟದಿಂದ ಲೋಟಕ್ಕೆ ಕಾಫಿ ಆರಿಸಿದ ಹಾಗೆ ಹುಯ್ದು ಗ್ಯಾಸ್ ಬಿಡಿಸಿ, ಹೈಡ್ರೋಮೀಟರ್ ಇಳಿಬಿಡಿ. ಸುಮಾರು 1.024 ಬರುತ್ತದೆ. ಲೇಬಲ್ ಮೇಲೆ 9.6% ಅಂತಿದೆ. 9.6ನ್ನು 131ರಿಂದ ಭಾಗಿಸಿದರೆ 0.073. ಅದನ್ನು 1.024ಕ್ಕೆ ಕೂಡಿಸಿದರೆ 1.097. ಯೀಸ್ಟ್ ಹಾಕುವ ಮುಂಚೆ, ಮಾಲ್ಟಿನಿಂದ ಬಸಿದ ಸಿಹಿ ರಸ ಅಷ್ಟು ಗಟ್ಟಿಯಾಗಿತ್ತು. ಕಂಪನಿ ಹೇಳುವ ಲೆಕ್ಕವೂ ಅದೇ: ಶುರುವಿಗೆ 23 ಪ್ಲೇಟೋ, ಕೊನೆಗೆ 6 ಪ್ಲೇಟೋ. 23 ಪ್ಲೇಟೋ ಅಂದರೆ 100 ಗ್ರಾಂ ರಸದಲ್ಲಿ 23 ಗ್ರಾಂ ಸಕ್ಕರೆ. ಸಾಧಾರಣ ಬಿಯರಿನಲ್ಲಿ ಇದು 12ರ ಆಸುಪಾಸು. ನಾವು ಮನೆಯಲ್ಲಿ ಮಾಡುವ 19 ಲೀಟರಿನಲ್ಲಿ ಸಕ್ಕರೆಯೇ 4.8 ಕೆಜಿ ಕರಗಿರಬೇಕು ಅಂತಾಯಿತು.

ಕಹಿಯನ್ನು ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಅದಕ್ಕೆ ಕಂಪನಿಯ ಮಾತನ್ನೇ ನಂಬಬೇಕು: 90 ಐಬಿಯು. ಐಬಿಯು ಅಂದರೆ ಬಿಯರಿನ ಕಹಿ ಅಳೆಯುವ ಮಾನ. ಕಹಿಗೆ ಹೆಸರಾದ ಎಷ್ಟೋ ಬಿಯರುಗಳು 40ರಿಂದ 60ರಲ್ಲೇ ನಿಲ್ಲುತ್ತವೆ. ಹಾಗಿದ್ದರೆ 90 ಕುಡಿಯಲು ಆಗುತ್ತದಾ? ಹಾಗಲಕಾಯಿ ಗೊಜ್ಜು ನೆನಪು ಮಾಡಿಕೊಳ್ಳಿ. ಬರೀ ಹಾಗಲಕಾಯಿ ಅಗಿಯಲಾಗದು, ಬೆಲ್ಲ ಬಿದ್ದರೆ ತಟ್ಟೆ ಖಾಲಿ. ಕೊನೆಗೆ ಉಳಿಯುವ ಆ 6 ಪ್ಲೇಟೋ ಸಕ್ಕರೆಯೇ ಇಲ್ಲಿನ ಬೆಲ್ಲ. ಸಿಹಿ ಹೆಚ್ಚಾದರೆ ಪಾನಕ, ಕಡಿಮೆಯಾದರೆ ಕಷಾಯ. ನಕಲಿನ ಕಷ್ಟವೆಲ್ಲ ಈ ಎರಡು ಅಂಕಿಗಳನ್ನು ಒಟ್ಟಿಗೆ ಹಿಡಿಯುವುದರಲ್ಲಿದೆ.

ಮೊದಲ ಹಾಲು, ಎರಡನೇ ಹಾಲು

ಮಾಲ್ಟ್ ಅಂದರೇನು ಅಂತ ಕನ್ನಡದವರಿಗೆ ವಿವರಿಸುವುದು ಸುಲಭ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ರಾಗಿ ಮಾಲ್ಟ್. ಬಾರ್ಲಿಗೂ ಅದೇ ಸಂಸ್ಕಾರ. ಮೊಳಕೆ ಬರುವಾಗ ಕಾಳಿನೊಳಗೆ ಕಿಣ್ವಗಳು, ಅಂದರೆ ಎಂಜೈಮುಗಳು ಹುಟ್ಟುತ್ತವೆ. ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುವ ಕೆಲಸ ಅವುಗಳದ್ದು. ಒಣಗಿಸಿದಾಗ ನಿದ್ದೆ ಹೋಗುತ್ತವೆ, ಬಿಸಿನೀರು ಬಿದ್ದಾಗ ಏಳುತ್ತವೆ.

19 ಲೀಟರಿಗೆ ನಾನು ಹಾಕುವುದು 8.7 ಕೆಜಿ ಟೂ ರೋ ಪೇಲ್ ಮಾಲ್ಟ್, ಅಂದರೆ ತಿಳಿ ಬಣ್ಣದ ಮಾಮೂಲಿ ಮಾಲ್ಟ್, ಮತ್ತು 650 ಗ್ರಾಂ ಮಧ್ಯಮ ಬಣ್ಣದ ಕ್ಯಾರಮೆಲ್ ಮಾಲ್ಟ್, ಅಂದರೆ ಒಳಗಿನ ಸಕ್ಕರೆ ಕೆಂಪಾಗುವ ಹಾಗೆ ಹುರಿದದ್ದು. ಅಷ್ಟೇ. ಬಿಗ್‌ಫುಟ್ಟಿನ ಕೆಂಪು ನೋಡಿ ಜನ ಕ್ಯಾರಮೆಲ್ ಮಾಲ್ಟನ್ನು ಎರಡು ಪಾಲು ಹಾಕಿಬಿಡುತ್ತಾರೆ. ಅದರ ಸಕ್ಕರೆಯಲ್ಲಿ ಒಂದು ಭಾಗವನ್ನು ಯೀಸ್ಟ್ ತಿನ್ನಲಾರದು, ಬಿಯರ್ ಅಂಟಂಟಾಗುತ್ತದೆ. ಬಣ್ಣ ಬರುವುದು ಹೆಚ್ಚಾಗಿ ಪೇಲ್ ಮಾಲ್ಟಿನ ರಾಶಿಯಿಂದ ಮತ್ತು ಉದ್ದ ಕುದಿತದಿಂದ.

ಇಷ್ಟು ಕಾಳಿಗೆ 24 ಲೀಟರ್ ನೀರು. 73 ಡಿಗ್ರಿಗೆ ಕಾಯಿಸಿ ಸುರಿದರೆ ಕಾಳು ಬೆರೆತು 65ಕ್ಕೆ ಬಂದು ಕೂರುತ್ತದೆ. ಪಿಕ್ನಿಕ್ಕಿಗೆ ಒಯ್ಯುವ 38 ಲೀಟರಿನ ಕೂಲರ್ ಡಬ್ಬಿ ಸಾಕು, ಒಂದೂವರೆ ಗಂಟೆ ಬಿಸಿ ಹಿಡಿಯುತ್ತದೆ. ಡಿಗ್ರಿಯಲ್ಲಿ ಹುಡುಗಾಟ ಬೇಡ. 65ರ ಹತ್ತಿರ ಕೆಲಸ ಮಾಡುವ ಕಿಣ್ವ ಪಿಷ್ಟವನ್ನು ತುದಿಯಿಂದ ಸಣ್ಣಸಣ್ಣಗೆ ಕತ್ತರಿಸುತ್ತದೆ, ಯೀಸ್ಟಿಗೆ ಅದು ಮೃಷ್ಟಾನ್ನ. 70ರಲ್ಲಿ ಮೇಲುಗೈ ಪಡೆಯುವುದು ಎಲ್ಲೆಂದರಲ್ಲಿ ತುಂಡು ಮಾಡುವ ಇನ್ನೊಂದು. ಆ ದೊಡ್ಡ ತುಂಡುಗಳು ತಿನ್ನದೆ ಉಳಿದು ಸಿಹಿಯಾಗುತ್ತವೆ. ಬೇರೆ ಬಿಯರಿನಲ್ಲಿ ಮೈತುಂಬಿ ಬರಲಿ ಅಂತ 68, 69ಕ್ಕೆ ಹೋಗುವುದುಂಟು. ಇದಕ್ಕೆ ಮೈ ಮೊದಲೇ ಜಾಸ್ತಿ ಇದೆ.

ಆಮೇಲೆ ಬಸಿಯುವುದು. ಪಾಯಸಕ್ಕೆ ಕಾಯಿಹಾಲು ತೆಗೆಯುವಾಗ ಮೊದಲ ಹಾಲು ಗಟ್ಟಿ, ಮತ್ತೆ ನೀರು ಹಾಕಿ ಹಿಂಡಿದ ಎರಡನೇ ಹಾಲು ತೆಳು. ಮಾಲ್ಟಿಗೂ ಹಾಗೇ. ಕಾಳು ತಾನೇ 9 ಲೀಟರ್ ಕುಡಿದುಬಿಡುತ್ತದೆ, ಮೊದಲ ಹಾಲು ಸುಮಾರು 15 ಲೀಟರ್ ಸಿಗುತ್ತದೆ. ಮೇಲೆ 14 ಲೀಟರ್ ಬಿಸಿನೀರು ಸುರಿದು ಎರಡನೆಯದನ್ನೂ ತೆಗೆದು ಎರಡನ್ನೂ ಸೇರಿಸುತ್ತೇನೆ. ಇದಕ್ಕಿಂತ ಹಿಂಡಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಕಾಳಿನಲ್ಲಿ ಇನ್ನೂ ಸಕ್ಕರೆ ಉಳಿದಿರುತ್ತದೆ, ಹೊಟ್ಟೆ ಉರಿಯುತ್ತದೆ, ಆದರೂ ಬಿಡಬೇಕು. ಗಟ್ಟಿ ಬಿಯರ್ ಮಾಡುವಾಗ ಕಾಳಿನ ಸಕ್ಕರೆಯಲ್ಲಿ ನೂರಕ್ಕೆ 65ರಷ್ಟೇ ಕೈಗೆ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಮಾಮೂಲಿ ಬಿಯರಿನ 75ರ ಲೆಕ್ಕ ಹಿಡಿದು ಮಾಲ್ಟ್ ಕೊಂಡರೆ 1.083ರಲ್ಲಿ ನಿಂತು ಬಾಯಿಬಾಯಿ ಬಿಡುತ್ತೀರಿ. ಮೂರನೇ ಹಾಲಿನಲ್ಲಿ ಒಂದು ತೆಳು ಬಿಯರ್ ಮಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ಹಿಂದಿನಿಂದ ಇತ್ತು. ನನಗೆ ಅಷ್ಟು ತಾಳ್ಮೆ ಇಲ್ಲ.

ಸೇರಿಸಿದ ರಸ ಒಲೆಗೇರಿದರೆ ಆಲೆಮನೆಯದ್ದೇ ಕೆಲಸ. 29 ಲೀಟರ್ ಎರಡು ಗಂಟೆ ಕುದಿದು 20ಕ್ಕೆ ಇಳಿಯಬೇಕು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಬಣ್ಣ ತಿರುಗುವ ಹಾಗೆ ಇದೂ ತಿರುಗುತ್ತದೆ, ಗ್ಯಾರೇಜೆಲ್ಲ ಬ್ರೆಡ್ಡಿನ ಅಂಚಿನ ವಾಸನೆ. ಪಕ್ಕದ ಮನೆಯವರು ಒಮ್ಮೆ ಬೇಕರಿ ಹಾಕಿದ್ದೀರಾ ಅಂತ ಕೇಳಿದ್ದರು.

ಕೊನೆಯ ಒಂದು ಗಂಟೆ ಇರುವಾಗ ಕಹಿಗೆ ಹಾಪ್ಸ್. ಹಾಪ್ಸಿನ ಅಂಟಿನಲ್ಲಿರುವ ಆಲ್ಫಾ ಆಮ್ಲ ಕುದಿದಾಗಲೇ ರೂಪ ಬದಲಿಸಿ ರಸದಲ್ಲಿ ಕರಗುವುದು. ಬೇಗ ಹಾಕಿದ್ದು ಕಹಿ ಕೊಟ್ಟು ಪರಿಮಳ ಕಳೆದುಕೊಳ್ಳುತ್ತದೆ. ಕೊನೆಗೆ ಹಾಕಿದ್ದು ಸಾರಿನ ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪಿನ ಹಾಗೆ, ಬರೀ ಪರಿಮಳ. ಇಲ್ಲೊಂದು ಗುಂಡಿ ಇದೆ. ರಸ ಗಟ್ಟಿಯಾದಷ್ಟೂ ಕಹಿ ಕರಗುವುದು ಕಡಿಮೆ. 1.050ರ ರಸದಲ್ಲಿ ಸಿಗುವ ಕಹಿಯಲ್ಲಿ ಮೂರನೇ ಎರಡರಷ್ಟು ಮಾತ್ರ 1.096ರಲ್ಲಿ ಸಿಗುತ್ತದೆ. ಹಾಗಾಗಿ 13% ಆಲ್ಫಾ ಇರುವ ಚಿನೂಕ್ ಹಾಪ್ಸ್ 65 ಗ್ರಾಂ ಒಂದು ಗಂಟೆ ಕುದಿಯಬೇಕು. ಕೊನೆಯ 15 ನಿಮಿಷಕ್ಕೆ ಇನ್ನೆರಡು ತಳಿಯ ಹಾಪ್ಸ್, ಕ್ಯಾಸ್ಕೇಡ್ 30 ಗ್ರಾಂ, ಸೆಂಟೆನಿಯಲ್ 30 ಗ್ರಾಂ. ಲೆಕ್ಕ 90ರ ಹತ್ತಿರ ಬಂದು ನಿಲ್ಲುತ್ತದೆ. ಬಿಗ್‌ಫುಟ್ಟಿನ ಚಕ್ಕೋತ, ಪೈನ್ ಮರದ ಅಂಟಿನ ವಾಸನೆ ಈ ಮೂರರದ್ದೇ. ಸಿಯೆರಾ ನೆವಾಡಾದವರು ಪೂರ್ತಿ ಹೂವು ಬಳಸುವುದಕ್ಕೆ ಹೆಸರಾದವರು. ನನಗೆ ಒತ್ತಿ ಮಾಡಿದ ಗುಳಿಗೆಯೇ ಸಲೀಸು. ಹೂವು ರಸ ಹೀರಿಕೊಳ್ಳುತ್ತದೆ, ಇಷ್ಟು ಕಷ್ಟಪಟ್ಟು ತೆಗೆದ ರಸವನ್ನು ಅದಕ್ಕೆ ಕುಡಿಸಲು ಮನಸ್ಸಿಲ್ಲ.

ನೀರಿನ ವಿಷಯ ಎರಡೇ ಮಾತು. ಜಿಪ್ಸಮ್ ಇರುವ ನೀರಿನಲ್ಲಿ ಹಾಪ್ಸ್ ಕಹಿ ಚುರುಕಾಗುತ್ತದೆ, ಬರ್ಟನ್ ಹೆಸರಾದದ್ದೇ ಅಂಥ ನೀರಿನಿಂದ. ನಲ್ಲಿ ನೀರು ತೀರಾ ಮೆದುವಾಗಿದ್ದರೆ ಒಂದು ಚಮಚ ಜಿಪ್ಸಮ್ ಹಾಕಿ.

ಯೀಸ್ಟಿಗೆ ಊಟ ಜಾಸ್ತಿಯಾದರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಡುಗೆ. ನಕಲು ಕೆಡುವುದು ಇನ್ನು ಮುಂದೆ.

ನನ್ನ ಮೊದಲ ಪ್ರಯತ್ನದಲ್ಲಿ ರಸ ಚೆನ್ನಾಗಿಯೇ ಬಂತು, 1.095. ಯೀಸ್ಟ್ ಒಂದೇ ಪ್ಯಾಕೆಟ್ ಹಾಕಿದೆ. ಎಂದಿನ ಬಿಯರಿಗೆ ಅಷ್ಟೇ ಹಾಕುತ್ತಿದ್ದೆನಲ್ಲ. ಮೂರು ದಿನ ಗುಳುಗುಳು ಅಂತ ಜೋರಾಗಿ ನಡೆದು ಆಮೇಲೆ ಸದ್ದಿಲ್ಲ. ಎರಡು ವಾರ ಬಿಟ್ಟು ನೋಡಿದರೆ 1.040ರಲ್ಲಿ ಕೂತಿದೆ. ಅಲ್ಲಾಡಿಸಿದೆ, ಬೆಚ್ಚಗಿನ ಕೋಣೆಗೆ ಸಾಗಿಸಿದೆ, ಹೊಸ ಯೀಸ್ಟೂ ಹಾಕಿದೆ. 1.036ಕ್ಕೆ ಬಂದು ಸತ್ಯಾಗ್ರಹ ಹೂಡಿತು. ಕುಡಿದ ಹೆಂಡತಿ ಕೇಳಿದ್ದು, ಇದಕ್ಕೆ ಏಲಕ್ಕಿ ಹಾಕಲಿಲ್ವಾ ಅಂತ.

ಏನಾಗಿತ್ತು ಅಂದರೆ, ಅಷ್ಟು ಗಟ್ಟಿ ಸಕ್ಕರೆಯಲ್ಲಿ ಯೀಸ್ಟಿಗೆ ಎರಡು ಕಡೆಯಿಂದ ಏಟು. ಶುರುವಿನಲ್ಲಿ ಸಕ್ಕರೆ ಅದರ ಮೈಯಿಂದ ನೀರನ್ನು ಎಳೆಯುತ್ತದೆ, ಉಪ್ಪಿನಕಾಯಿ ಹೋಳು ನೀರು ಬಿಟ್ಟುಕೊಂಡ ಹಾಗೆ. ಕೊನೆಯಲ್ಲಿ ತಾನೇ ಮಾಡಿದ ಆಲ್ಕೋಹಾಲ್ ಅದಕ್ಕೆ ವಿಷ. ಹೊಸ ಕೋಶಗಳು ಹುಟ್ಟುತ್ತಾ ಹೋದ ಹಾಗೆ ಅವುಗಳ ಹೊರಪದರ ತೆಳುವಾಗುತ್ತದೆ. ಆ ಪದರ ಗಟ್ಟಿ ಮಾಡಲು ಯೀಸ್ಟಿಗೆ ಆಮ್ಲಜನಕ ಬೇಕು. ಅದು ಶುರುವಿನಲ್ಲೇ ಸಿಗಬೇಕು. ಕಡಿಮೆ ಯೀಸ್ಟ್ ಹಾಕಿದರೆ ಅದು ಜಾಸ್ತಿ ಸಲ ಮರಿ ಹಾಕಬೇಕು, ಕೊನೆಯ ಪೀಳಿಗೆ ಬಡಕಲಾಗಿ ಕೈಚೆಲ್ಲುತ್ತದೆ.

ಬ್ರೂವರ್‌ಗಳ ರೂಢಿಯ ಲೆಕ್ಕ ಹೀಗೆ: ಒಂದು ಮಿಲಿಲೀಟರಿಗೆ, ಒಂದೊಂದು ಪ್ಲೇಟೋಗೆ, 7.5 ಲಕ್ಷದಿಂದ 10 ಲಕ್ಷ ಕೋಶ. 19 ಲೀಟರಿಗೆ, 23 ಪ್ಲೇಟೋಗೆ ಗುಣಿಸಿದರೆ 33 ಸಾವಿರ ಕೋಟಿಯಿಂದ 44 ಸಾವಿರ ಕೋಟಿ. ದ್ರವ ಯೀಸ್ಟಿನ ಒಂದು ಪೊಟ್ಟಣದಲ್ಲಿ 10 ಸಾವಿರ ಕೋಟಿಯ ಆಸುಪಾಸು ಇರುತ್ತದೆ. ಅಂದರೆ ಮೂರು ನಾಲ್ಕು ಪೊಟ್ಟಣ, ದುಡ್ಡು ದಂಡ. ಇದಕ್ಕೆ ದೋಸೆ ಹಿಟ್ಟಿನ ಉಪಾಯ ಇದೆ. ನಿನ್ನೆಯ ಹಿಟ್ಟು ಒಂದು ಸೌಟು ಉಳಿಸಿ ಇವತ್ತಿನದಕ್ಕೆ ಸೇರಿಸುತ್ತೇವಲ್ಲ! ಮೂರು ವಾರ ಮುಂಚೆ ಒಂದು ಸಾದಾ ಪೇಲ್ ಏಲ್ ಮಾಡಿ. ಅದನ್ನು ಬಾಟಲಿಗೆ ತುಂಬುವ ದಿನವೇ ಬಾರ್ಲಿವೈನ್ ಕುದಿಸಿ. ಪೇಲ್ ಏಲ್‌ನ ತಳದಲ್ಲಿ ಕೂತ ಗಸಿಯಲ್ಲಿ ಅರ್ಧ ತೆಗೆದು ಇದಕ್ಕೆ ಹಾಕಿ. ಯೀಸ್ಟ್ ಯಾವುದು ಅಂತ ಹುಡುಕುವ ಕಷ್ಟವೂ ಇಲ್ಲ. ಸಿಯೆರಾ ನೆವಾಡಾದ ತಳಿ ‘ಚಿಕೋ’ ಅಂತಲೇ ಪ್ರಸಿದ್ಧ. ಆ ಕುಲದ್ದು ಅಂತ ಹೇಳುವ ಯೀಸ್ಟ್ ಯುಎಸ್ 05, ವೈಯೀಸ್ಟ್ 1056 ಹೀಗೆ ಹಲವು ಹೆಸರಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ತನ್ನ ರುಚಿ ಹೇರದೆ ಸುಮ್ನೆ ಕೆಲಸ ಮುಗಿಸುವ ಜಾತಿ.

ಆಮ್ಲಜನಕಕ್ಕೆ ಡಬ್ಬಿ ಕುಲುಕಿದರೆ ಸಾಲದು. ಗಾಳಿಯಿಂದ ಎಷ್ಟು ಕುಲುಕಿದರೂ ಒಂದು ಲೀಟರಿಗೆ 8 ಮಿಲಿಗ್ರಾಂ ಮೇಲೆ ಕರಗುವುದಿಲ್ಲ. ಸಣ್ಣ ಆಮ್ಲಜನಕದ ಸಿಲಿಂಡರಿನಿಂದ ಒಂದೂವರೆ ನಿಮಿಷ ಬಿಡುತ್ತೇನೆ, ಹನ್ನೆರಡು ಗಂಟೆ ಕಳೆದು ಇನ್ನೊಮ್ಮೆ. ಅದಾದ ಮೇಲೆ ಗಾಳಿ ಶತ್ರು, ಮುಚ್ಚಳ ತೆಗೆಯುವಂತಿಲ್ಲ.

ಇನ್ನು ಬಿಸಿ. ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಕಾವು ಹೊರಡಿಸುತ್ತದೆ. ಕೋಣೆ 20 ಇದ್ದರೆ ಡಬ್ಬಿಯೊಳಗೆ 24, 25. ಆ ಬಿಸಿಯಲ್ಲಿ ಯೀಸ್ಟ್ ಭಾರದ ಆಲ್ಕೋಹಾಲುಗಳನ್ನು ಮಾಡುತ್ತದೆ. ಕುಡಿದರೆ ಗಂಟಲು ಸುಡುತ್ತದೆ, ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ಬರುತ್ತದೆ. ಇಟ್ಟು ಹಳೆಯದು ಮಾಡಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಸರಿಹೋಗಲಿಲ್ಲ. ಮೊದಲ ಐದು ದಿನ ಒಳಗಿನ ಬಿಸಿ 18 ದಾಟದ ಹಾಗೆ ನೋಡಿಕೊಳ್ಳಿ. ಫ್ರಿಜ್ ಇಲ್ಲದಿದ್ದರೆ ನೀರಿನ ಟಬ್ಬಿನಲ್ಲಿ ಡಬ್ಬಿ ಇಟ್ಟು, ಹಳೆ ಬನಿಯನ್ ಒದ್ದೆ ಮಾಡಿ ಹೊದಿಸಿ, ಫ್ಯಾನ್ ಹಾಕಿ. ಜೋರು ಇಳಿದ ಮೇಲೆ 20, 21ಕ್ಕೆ ಬಿಡಿ, ಉಳಿದದ್ದನ್ನು ತಿಂದು ಮುಗಿಸಲಿ. ಡಬ್ಬಿಯಲ್ಲಿ ಮೇಲೆ ಗೇಣುದ್ದ ಜಾಗ ಬಿಡುವುದು ಮರೆಯಬೇಡಿ. ನಮ್ಮ ಗ್ಯಾರೇಜಿನ ಚಾವಣಿಯಲ್ಲಿ ಕಂದು ಕಲೆ ಈಗಲೂ ಇದೆ.

1.024ಕ್ಕೆ ಬಂದು ಮೂರು ದಿನ ಅಲ್ಲೇ ನಿಂತರೆ ಗೆದ್ದಂತೆ.

ಎಳೆಯದೋ, ಹಳೆಯದೋ

ಮೊದಲ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಈಗ. ಎಳೆ ಬಿಗ್‌ಫುಟ್ ಬೇಕಿದ್ದರೆ ಎರಡು ತಿಂಗಳು ತಣ್ಣಗಿಟ್ಟು, ಬಾಟಲಿಗೆ ತುಂಬುವ ವಾರ ಮುಂಚೆ ಕ್ಯಾಸ್ಕೇಡ್, ಸೆಂಟೆನಿಯಲ್, ಚಿನೂಕ್ ತಲಾ 28 ಗ್ರಾಂ ಹಸಿಯಾಗಿಯೇ ಹಾಕಿ. ಕುದಿಯದ ಕಾರಣ ಇದರಿಂದ ಬರುವುದು ಪರಿಮಳ. ಇದು ಬಿಗ್‌ಫುಟ್ಟಿನ ಮುಖ. ಒಮ್ಮೆ ಇದನ್ನು ಮೊದಲೇ ಹಾಕಿ ಐದು ತಿಂಗಳು ಬಿಟ್ಟಿದ್ದೆ. ಮುಖವೇ ಅಳಿಸಿಹೋಗಿತ್ತು.

ಹಳೆಯದು ಬೇಕಿದ್ದರೆ ಆ ಹಸಿ ಹಾಪ್ಸನ್ನು ಅರ್ಧ ಮಾಡಿದರೂ ನಡೆಯುತ್ತದೆ. ವರ್ಷಗಳಲ್ಲಿ ಪರಿಮಳ ಹಾರಿಹೋಗುತ್ತದೆ, ಕಹಿಯ ಅಣುಗಳೂ ಒಡೆಯುತ್ತವೆ, ಸಿಹಿ ಮುಂದೆ ಬರುತ್ತದೆ. ಮುಚ್ಚಳದ ಸಂದಿಯಿಂದ ಇಳಿಯುವ ಚೂರುಪಾರು ಗಾಳಿಯೇ ಒಣಹಣ್ಣಿನ, ಶೆರ್ರಿ ವೈನಿನ ರುಚಿ ಕೊಡುವುದು. ನಿಂಬೆ ಉಪ್ಪಿನಕಾಯಿ ಹಳೆಯದಾದಷ್ಟೂ ಕಪ್ಪಾಗಿ ಹದವಾಗುವ ಹಾಗೆ. ಗಾಳಿ ಜಾಸ್ತಿಯಾದರೆ ಒದ್ದೆ ರಟ್ಟಿನ ರುಚಿ. ಆದರೆ 90 ಐಬಿಯು ಮಾತ್ರ ಕಡಿಮೆ ಮಾಡಬೇಡಿ. ಹಳೆ ಬಿಗ್‌ಫುಟ್ ಚೆನ್ನಾಗಿರುವುದು ಎಳೆಯದರಲ್ಲಿ ಅಷ್ಟು ಕಹಿ ಇತ್ತು ಅಂತಲೇ. ಮೆತ್ತಗೆ ಮಾಡಿಟ್ಟದ್ದು ಆರು ವರ್ಷಕ್ಕೆ ಬರೀ ಸಿಹಿ.

ಬಾಟಲಿಗೆ ತುಂಬುವಾಗ ಗ್ಯಾಸಿಗಾಗಿ 19 ಲೀಟರಿಗೆ 100 ಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ, ಜೊತೆಗೆ ಎರಡು ಮೂರು ಗ್ರಾಂ ಹೊಸ ಒಣ ಯೀಸ್ಟ್. ಹಳೆ ಯೀಸ್ಟ್ ಆ ಹೊತ್ತಿಗೆ ಸುಸ್ತಾಗಿರುತ್ತದೆ, ಅದನ್ನು ನಂಬಿದರೆ ಬಿಯರ್ ಸಪ್ಪೆ. ಗ್ಯಾಸ್ ಏರಲು ಎರಡು ತಿಂಗಳಾದರೂ ಬೇಕು. ಬಿಗ್‌ಫುಟ್ ಮುಚ್ಚಳದ ಮೇಲೆ ಆ ವರ್ಷ ಅಚ್ಚು ಹಾಕಿರುತ್ತಾರೆ. ನಾನು ಮಾರ್ಕರಿನಲ್ಲಿ ಬರೆಯುತ್ತೇನೆ.

ನಕಲು ಸರಿಯಾಯಿತಾ ಅಂತ ನೋಡಲು ಪಕ್ಕಪಕ್ಕ ಎರಡು ಲೋಟ ಇಟ್ಟು ಕುಡಿಯುವುದು ಮೋಸ, ನಮ್ಮದೇ ಗೆಲ್ಲುತ್ತದೆ. ಮೂರು ಲೋಟ ಇಡಬೇಕು. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಯಾವುದರಲ್ಲಿ ಯಾವುದಿದೆ ಅಂತ ಕುಡಿಯುವವನಿಗೆ ಗೊತ್ತಿರಬಾರದು. ಬೇರೆಯದ್ದು ಯಾವುದು ಅಂತ ಹೇಳಬೇಕು, ಅಷ್ಟೇ. ಸುಮ್ನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಹತ್ತಾರು ಸಲವಾದರೂ ಮಾಡಬೇಕು. ಒಂದೇ ಸಂಜೆ ಬೇಡ, 9.6% ಅನ್ನುವುದು ಮರೆಯಬೇಡಿ. ಎರಡೂ ಒಂದೇ ವಯಸ್ಸಿನದ್ದಾಗಿರಬೇಕು.

ಕಳೆದ ವರ್ಷದ ನನ್ನ ಬಾಟಲಿಗೆ ಕಳೆದ ವರ್ಷದ ಬಿಗ್‌ಫುಟ್ ಇಟ್ಟು ನಾಲ್ಕು ಸಂಜೆ, ಹನ್ನೆರಡು ಸುತ್ತು ಮಾಡಿದೆವು. ಹೆಂಡತಿ ಲೋಟ ಬದಲಾಯಿಸುತ್ತಿದ್ದಳು. ಏಳು ಸಲ ಸರಿಯಾಗಿ ಹಿಡಿದೆ. ಸಿಕ್ಕಿಬಿದ್ದದ್ದು ವಾಸನೆಯಿಂದ ಅಲ್ಲ, ಕೊನೆಗೆ ನಾಲಿಗೆಯ ಮೇಲೆ ಉಳಿಯುವ ಸಿಹಿಯಿಂದ. ನನ್ನದು 1.027ರಲ್ಲಿ ನಿಂತಿತ್ತು. ಮುಂದಿನ ಸಲಕ್ಕೆ ಕ್ಯಾರಮೆಲ್ ಮಾಲ್ಟ್ 650ರ ಬದಲು 500 ಗ್ರಾಂ ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.